ಓದುಗರ ಪ್ರಶ್ನೆ, ನಮ್ಮ ಉತ್ತರ: ಪೆನ್‌ಡ್ರೈವ್ ಪ್ಯಾಕೆಟ್ ಮೇಲೆ ಬರೆಯದೇ ಬಿಟ್ಟ ನಂಬರ್

ಪೆನ್‌ಡ್ರೈವ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಕಳ್ಸಿ ಅಂತ ಹೋದ ಸಲ ಬರೆದಿದ್ವಿ, ಕ್ಲೌಡ್ ಕಾಲದಲ್ಲಿ ಯಾರು ಕೇಳ್ತಾರೆ ಅಂದ್ಕೊಂಡಿದ್ರೆ ಪತ್ರಗಳ ರಾಶಿನೇ ಬಂದಿದೆ. ಒಂದೇ ತರದವನ್ನ ಒಟ್ಟು ಮಾಡಿ ಉತ್ತರ ಕೊಟ್ಟಿದೀವಿ.

ಪ್ರಶ್ನೆ: ಸಾರ್, ನಾನು ಕಾಲೇಜಲ್ಲಿ ಪಾಠ ಮಾಡ್ತೀನಿ, ಪಿಪಿಟಿ, ವಿಡಿಯೋ ಎಲ್ಲಾ ಪೆನ್‌ಡ್ರೈವಲ್ಲೇ ಓಡಾಡೋದು. ಹೊಸದು ತಗೊಳ್ಳೋಣ ಅಂತ ಎರಡು 128 ಜಿಬಿ ಡ್ರೈವ್ ನೋಡಿದೀನಿ. ಎರಡರ ಮೇಲೂ ಯುಎಸ್‌ಬಿ 3.2 ಅಂತಾನೇ ಇದೆ, ಆದ್ರೆ ಒಂದರ ರೇಟು ಇನ್ನೊಂದರ ಡಬಲ್. ಎರಡೂ ಒಂದೇ ಅಲ್ವಾ, ಕಡಿಮೆದೇ ತಗೊಳ್ಳಲಾ?

ಉತ್ತರ: ಒಂದೇ ಅಲ್ಲ. ಆದ್ರೆ ವ್ಯತ್ಯಾಸ ಏನು ಅಂತ ಪ್ಯಾಕೆಟ್ ಮೇಲೆ ಹುಡುಕಿದ್ರೆ ಸಿಗೋದು ಕಷ್ಟ, ಅದೇ ಇಲ್ಲಿ ತಮಾಷೆ.

ಮೊದ್ಲು ಆ 3.2 ಕಥೆ ಮುಗಿಸಿಬಿಡೋಣ. 2008ರಲ್ಲಿ ಯುಎಸ್‌ಬಿ 3.0 ಬಂತು, ಸೆಕೆಂಡಿಗೆ 5 ಗಿಗಾಬಿಟ್ ದಾರಿ (8 ಬಿಟ್ ಸೇರಿದ್ರೆ ಒಂದು ಬೈಟ್, ಎಂಬಿ, ಜಿಬಿ ಅನ್ನೋದೆಲ್ಲಾ ಬೈಟ್ ಲೆಕ್ಕ). ಆಮೇಲೆ ಅದಕ್ಕೇ 3.1 ಜೆನ್ 1 ಅಂತ ಹೆಸರಿಟ್ರು, ಅದಾದ್ಮೇಲೆ 3.2 ಜೆನ್ 1 ಅಂದ್ರು. ಮೂರೂ ಒಂದೇ, ಒಂಚೂರೂ ಸ್ಪೀಡ್ ಜಾಸ್ತಿ ಆಗಿಲ್ಲ, ಬೋರ್ಡ್ ಮಾತ್ರ ಬದಲಾಯ್ತು. ಜೆನ್ 2 ಅಂತಿದ್ರೆ ಮಾತ್ರ 10 ಗಿಗಾಬಿಟ್. ಹಂಗಾಗಿ ಬರೀ 3.2 ಅಂತ ದಪ್ಪಕ್ಷರದಲ್ಲಿ ಬರೆದಿದ್ರೆ ಅದನ್ನ 2008ರ ದಾರಿ ಅಂತಾನೇ ಓದ್ಕೊಳ್ಳಿ.

ಇನ್ನೊಂದು ವಿಷಯ, ಇದು ದಾರಿ ಎಷ್ಟು ಅಗಲ ಅಂತ ಹೇಳೋ ನಂಬರ್ ಅಷ್ಟೇ, ಒಳಗಿರೋ ಚಿಪ್ ಎಷ್ಟು ಬೇಗ ಬರ್ಕೊಳ್ಳತ್ತೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪ್ಯಾಕೆಟ್ ಮೇಲೆ "150 ಎಂಬಿ ವರೆಗೆ" ಅಂತ ಇರತ್ತಲ್ಲ, ಅದು ಹೆಚ್ಚುಕಮ್ಮಿ ಯಾವಾಗ್ಲೂ ರೀಡ್ ಸ್ಪೀಡು, ಅಂದ್ರೆ ಡ್ರೈವಿಂದ ಕಂಪ್ಯೂಟರಿಗೆ ಓದೋ ಸ್ಪೀಡು. ನಾವು ಕೂತು ಕಾಯೋದು ರೈಟ್ ಆಗೋವಾಗ. ಆ ನಂಬರನ್ನ ಕಡಿಮೆ ಬೆಲೆಯ ಡ್ರೈವ್ ಮೇಲೆ ಬರೆಯೋದೇ ಇಲ್ಲ. ಬರೆಯದೇ ಬಿಟ್ಟಿದ್ದಾರೆ ಅಂದ್ರೆ ಹೇಳ್ಕೊಳ್ಳೋ ಹಾಗಿಲ್ಲ ಅಂತ ನಾನಂತೂ ತಿಳ್ಕೊಳ್ತೀನಿ.

ನೀವೂ ನೋಡಿರ್ತೀರಿ, ಒಂದು ದೊಡ್ಡ ವಿಡಿಯೋ ಕಾಪಿ ಹಾಕಿದ ತಕ್ಷಣ ಆ ಬಾಕ್ಸಲ್ಲಿ 200, 250 ಅಂತ ಹಸಿರು ಗುಡ್ಡ ಏರತ್ತೆ, ಆಹಾ ಅನ್ಸತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಧಬಕ್ ಅಂತ ಬಿದ್ದು 12ಕ್ಕೋ 15ಕ್ಕೋ ಬಂದು ನಿಲ್ಲತ್ತೆ, ಅಲ್ಲಿಂದ ಕೊನೇವರೆಗೂ ನೆಲ ಸವರ್ಕೊಂಡೇ ಹೋಗತ್ತೆ. ಯಾಕೆ ಅಂದ್ರೆ, ಮೊದಲ ಓಟದಲ್ಲಿ ಸ್ವಲ್ಪ ಭಾಗ ಕಂಪ್ಯೂಟರಿನ ರ‍್ಯಾಮಿಗೆ ಹೋಗಿರತ್ತೆ, ಅದು ಡ್ರೈವಿಗೆ ತಲುಪಿರೋದೇ ಇಲ್ಲ. ಇನ್ನು ಡ್ರೈವ್ ಒಳಗೆ, ಈಗಿನ ಚಿಪ್‌ಗಳಲ್ಲಿ ಒಂದೊಂದು ಸೆಲ್ಲಲ್ಲಿ, ಅಂದ್ರೆ ಡೇಟಾ ಇಡೋ ಪುಟ್ಟ ಗೂಡಲ್ಲಿ, ಮೂರು ಬಿಟ್ ತುರುಕ್ತಾರೆ, ಅದಕ್ಕೆ ಟಿಎಲ್‌ಸಿ ಅಂತಾರೆ, ನಾಲ್ಕು ತುರುಕಿದ್ರೆ ಕ್ಯೂಎಲ್‌ಸಿ. ತುರುಕಿದಷ್ಟೂ ಜಾಗ ಅಗ್ಗ ಆಗತ್ತೆ, ಬರೆಯೋದು ನಿಧಾನ ಆಗತ್ತೆ. ಈ ನಿಧಾನ ಮುಚ್ಚೋಕೆ ಒಂದಷ್ಟು ಸೆಲ್‌ಗಳಲ್ಲಿ ಒಂದೊಂದೇ ಬಿಟ್ ಬೇಗ ಬೇಗ ಬರೆದು ಆಮೇಲೆ ಪುರುಸೊತ್ತಲ್ಲಿ ಸರಿಯಾಗಿ ಜೋಡಿಸ್ತಾರೆ. ಲಾರಿಯಿಂದ ಸಾಮಾನು ಜಗಲಿಗೆ ಇಳಿಸಿದ ಹಾಗೆ, ಜಗಲಿ ತುಂಬೋವರೆಗೂ ಕೆಲಸ ಸರಸರ, ತುಂಬಿದ್ಮೇಲೆ ಒಂದೊಂದೇ ಒಳಗೆ ಹೊತ್ತು ಜಾಗ ಮಾಡ್ಕೊಂಡೇ ಮುಂದಿನದು. ಅಗ್ಗದ ಡ್ರೈವಲ್ಲಿ ಈ ಜಗಲಿ ಚಿಕ್ಕದು, ಕೆಲವದ್ರಲ್ಲಿ ಇರೋದೇ ಇಲ್ಲ.

ಲೆಕ್ಕ ಹಾಕಿ ನೋಡಿ. 20 ಜಿಬಿ ವಿಡಿಯೋ, ಸೆಕೆಂಡಿಗೆ 15 ಎಂಬಿ ಲೆಕ್ಕದಲ್ಲಿ 22 ನಿಮಿಷ. ಅದೇ 150ರಲ್ಲಿ ಎರಡೂಕಾಲು ನಿಮಿಷ. ಎರಡೂ 3.2ನೇ!

ಹಂಗಂತ ಎಲ್ಲರೂ ದುಬಾರಿದೇ ತಗೋಬೇಕು ಅಂತಿಲ್ಲ. ನಿಮ್ಮ ಕೆಲಸ ವಾರಕ್ಕೆ ನಾಲ್ಕು ಪಿಪಿಟಿ, ಎರಡು ಪಿಡಿಎಫ್ ಹಾಕ್ಕೊಂಡು ಹೋಗಿ ಪ್ರೊಜೆಕ್ಟರಿಗೆ ಚುಚ್ಚೋದಾದ್ರೆ ಕಡಿಮೆ ರೇಟಿಂದೇ ಸಾಕು, ಹೆಚ್ಚಿಗೆ ಕೊಟ್ಟ ದುಡ್ಡಿನ ಕೆಲಸ ನಿಮಗೆ ಕಾಣೋದೇ ಇಲ್ಲ. ನೀವು ವಿಡಿಯೋನೂ ಅಂದಿದೀರಿ, ಅದು ಒಂದೊಂದೂ ಜಿಬಿಗಟ್ಟಲೆ ಇದ್ರೆ ಮಾತ್ರ ರೈಟ್ ಸ್ಪೀಡ್ ಬಾಯಿಬಿಟ್ಟು ಹೇಳಿರೋ ಡ್ರೈವನ್ನೇ ತಗೊಳ್ಳಿ. ಉದಾಹರಣೆಗೆ ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಪ್ರೋ ಮೇಲೆ ರೀಡ್ 420, ರೈಟ್ 380 ಅಂತ ಕಂಪನಿನೇ ಹೇಳತ್ತೆ, ಕಿಂಗ್‌ಸ್ಟನ್ ಡೇಟಾಟ್ರಾವೆಲರ್ ಮ್ಯಾಕ್ಸ್‌ಗೆ 1000 ಮತ್ತೆ 900. "ವರೆಗೆ" ಅನ್ನೋ ಬಾಲ ಇದಕ್ಕೂ ಇದೆ, ಆದ್ರೂ ಎರಡೂ ನಂಬರ್ ಹೇಳೋ ಧೈರ್ಯ ಮಾಡಿದಾರಲ್ಲ, ಅಷ್ಟರಮಟ್ಟಿಗೆ ನಂಬ್ಬಹುದು. ರಿವ್ಯೂ ಓದೋವಾಗ ಮೊದಲ ಹತ್ತು ಸೆಕೆಂಡಿನ ಸ್ಕ್ರೀನ್‌ಶಾಟ್ ನೋಡಿ ಮರುಳಾಗ್ಬೇಡಿ, ಹತ್ತಿಪ್ಪತ್ತು ಜಿಬಿ ಒಟ್ಟಿಗೆ ಹಾಕಿ ಕೊನೇಲಿ ಎಷ್ಟಕ್ಕೆ ನಿಲ್ತು ಅಂತ ಯಾರು ಬರೆದಿದಾರೋ ಅದನ್ನ ಓದಿ.

ಹಾಂ, ಕಾಲೇಜಿನ ಕಂಪ್ಯೂಟರ್ ಹಳೇದಾ ಅಂತಾನೂ ನೋಡ್ಕೊಳ್ಳಿ. 2.0 ಪೋರ್ಟಿಗೆ ಯಾವ ಮಹಾ ಡ್ರೈವ್ ಚುಚ್ಚಿದ್ರೂ 480 ಮೆಗಾಬಿಟ್ಟೇ ಮಿತಿ, ನಿಜವಾಗ್ಲೂ ಸಿಗೋದು ಸೆಕೆಂಡಿಗೆ 30-40 ಎಂಬಿ. ಪೋರ್ಟ್ ಒಳಗೆ ನೀಲಿ ಬಣ್ಣ ಇದ್ರೆ ಸಾಮಾನ್ಯವಾಗಿ 3.0, ಆದ್ರೆ ಎಲ್ಲಾ ಕಂಪನಿಯವರೂ ಬಣ್ಣ ಹಾಕಲ್ಲ. ಡ್ರೈವಿನ ಬಾಯಿ ನೋಡಿದ್ರೆ ಇನ್ನೂ ಖಚಿತ: ಮುಂದೆ ನಾಲ್ಕು ಚಿನ್ನದ ಬಣ್ಣದ ಪಟ್ಟಿ ಮಾತ್ರ ಇದ್ರೆ 2.0, ಅದರ ಹಿಂದೆ ಒಳಗಡೆ ಇನ್ನೂ ಐದು ಚಿಕ್ಕವು ಕಂಡ್ರೆ 3. ಇದೇ ಕಾರಣಕ್ಕೆ 3ರ ಡ್ರೈವನ್ನ ಅರ್ಧಂಬರ್ಧ ಚುಚ್ಚಿದ್ರೆ ಒಳಗಿನ ಐದು ತಾಗದೇ 2.0 ಆಗಿಯೇ ಕೂತ್ಕೊಳ್ಳೋದೂ ಉಂಟು.

ಪ್ರಶ್ನೆ: ಸಣ್ಣ ಸಣ್ಣ ಫೈಲ್ ಹಾಕಿದ್ರೆ ಯಾಕಷ್ಟು ಲೇಟು? 3 ಜಿಬಿ ಸಿನಿಮಾ ಬೇಗ ಹೋಗತ್ತೆ, 500 ಎಂಬಿ ಇರೋ ಪ್ರಾಜೆಕ್ಟ್ ಫೋಲ್ಡರ್ ಹೋಗೋಕೆ ಯುಗಾನೇ ಬೇಕು.

ಉತ್ತರ: ಪ್ರತಿ ಫೈಲಿಗೂ ಹೆಸರು, ಸೈಜು, ತಾರೀಖು ಬರೆಯೋ ಲೆಕ್ಕದ ಕೆಲಸ ಬೇರೆ ಇರತ್ತೆ, ಜೊತೆಗೆ ಫ್ಲ್ಯಾಶ್ ಚಿಪ್ಪಲ್ಲಿ ಇದ್ದದ್ದರ ಮೇಲೇ ತಿದ್ದಿ ಬರೆಯೋಕೆ ಆಗಲ್ಲ, ಒಂದಿಡೀ ಬ್ಲಾಕ್ ಅಳಿಸಿಯೇ ಮತ್ತೆ ಬರೀಬೇಕು. ಲ್ಯಾಪ್‌ಟಾಪ್ ಒಳಗಿರೋ ಎಸ್‌ಎಸ್‌ಡಿ ಡಿಸ್ಕಲ್ಲಿ ಇದನ್ನ ನಿಭಾಯಿಸೋ ಚಿಪ್, ಅಂದ್ರೆ ಕಂಟ್ರೋಲರ್, ಚುರುಕಾಗಿರತ್ತೆ, ಮಾಮೂಲಿ ಪೆನ್‌ಡ್ರೈವಿಂದು ಪಾಪ ಬಡ ಕಂಟ್ರೋಲರ್. ಫೋಲ್ಡರನ್ನ ಜಿಪ್ ಮಾಡಿ ಒಂದೇ ಫೈಲಾಗಿ ಹಾಕಿ, ಅಷ್ಟೇ. ಪೆನ್‌ಡ್ರೈವ್ ಒಳಗಿಂದಲೇ ಫೈಲ್ ಓಪನ್ ಮಾಡಿ ಕೆಲಸ ಮಾಡೋ ಅಭ್ಯಾಸ ಇದ್ರೆ ಅದನ್ನೂ ಬಿಡಿ.

ಪ್ರಶ್ನೆ: 64 ಜಿಬಿ ಅಂತ ತಂದೆ, ಕಂಪ್ಯೂಟರಲ್ಲಿ 59.6 ತೋರಿಸ್ತಿದೆ. ಮೋಸ ತಾನೇ ಇದು?

ಉತ್ತರ: ಅಲ್ಲ. ಕಂಪನಿಯವರು ಒಂದು ಜಿಬಿ ಅಂದ್ರೆ 100 ಕೋಟಿ ಬೈಟ್ ಅಂತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ 107 ಕೋಟಿ ಚಿಲ್ಲರೆ ಅನ್ನತ್ತೆ. ಬೈಟ್ ಅಷ್ಟೇ ಇದೆ, ಭಾಗ ಹಾಕೋ ಸಂಖ್ಯೆ ಬೇರೆ. ಮ್ಯಾಕಿಗೆ ಚುಚ್ಚಿ ನೋಡಿ, 64ರ ಹತ್ತಿರಾನೇ ತೋರಿಸತ್ತೆ. 59.6 ಬದಲು 57 ಬಂದ್ರೂ ಗಾಬರಿ ಬೇಡ, ಸ್ವಲ್ಪ ಜಾಗ ಕೆಟ್ಟ ಬ್ಲಾಕ್‌ಗಳಿಗೆ ಬದಲಿಯಾಗಿ ಇಟ್ಟಿರ್ತಾರೆ. 2000ದಲ್ಲಿ ಐಬಿಎಂ ಹೆಸರಲ್ಲಿ ಬಂದ ಡ್ರೈವ್ ಬರೀ 8 ಎಂಬಿ, ಈಗಿನ ಫೋನಿನ ಎರಡು ಮೂರು ಫೋಟೋಗೇ ತುಂಬ್ಹೋಗತ್ತೆ. ಆಗ ಅದೇ ದೊಡ್ಡದು, ಫ್ಲಾಪಿ ಇದ್ದಿದ್ದು 1.44 ಎಂಬಿ ನೋಡಿ.

ಪ್ರಶ್ನೆ: ಡ್ರೈವಲ್ಲಿ 20 ಜಿಬಿ ಖಾಲಿ ಇದೆ, 5 ಜಿಬಿ ಸಿನಿಮಾ ಹಾಕೋಕೆ ಹೋದ್ರೆ ಫೈಲ್ ತುಂಬಾ ದೊಡ್ಡದು ಅಂತ ಬೈಯತ್ತೆ. ಬೇರೆ ತರ ಫಾರ್ಮ್ಯಾಟ್ ಮಾಡಿ ಹಾಕಿದ್ರೆ ಟಿವಿ ಡ್ರೈವನ್ನೇ ಗುರುತು ಹಿಡಿಯಲ್ಲ. ಏನ್ ಮಾಡೋದು?

ಉತ್ತರ: ನಿಮ್ಮ ಡ್ರೈವ್ ಫ್ಯಾಟ್32 ಅಲ್ಲಿದೆ, ಅದು ಡ್ರೈವಲ್ಲಿ ಫೈಲ್ ಜೋಡಿಸಿಡೋ ಒಂದು ಹಳೇ ಪದ್ಧತಿ. ಅದರಲ್ಲಿ ಫೈಲ್ ಸೈಜ್ ಬರೆಯೋಕೆ ಇರೋ ಜಾಗನೇ 32 ಬಿಟ್ಟು, ಹಂಗಾಗಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ, ಡ್ರೈವ್ ಎಷ್ಟು ಖಾಲಿ ಇದ್ರೂ ಅಷ್ಟೇ. ಇದಕ್ಕೆ ಅಂತಾನೇ ಮೈಕ್ರೋಸಾಫ್ಟ್ 2006ರಲ್ಲಿ ಎಕ್ಸ್‌ಫ್ಯಾಟ್ ತಂತು, ವಿಂಡೋಸ್, ಮ್ಯಾಕ್ ಎರಡರಲ್ಲೂ ಓದ್ಬಹುದು ಬರೀಬಹುದು, ಅದರ ವಿವರ 2019ರಲ್ಲಿ ಬಹಿರಂಗ ಮಾಡಿದ್ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ಲಿಗೂ ಬಂತು. ದಿನಬಳಕೆಗೆ ಎಕ್ಸ್‌ಫ್ಯಾಟೇ ಸರಿ. ವಿಂಡೋಸಿನ ಇನ್ನೊಂದು ಪದ್ಧತಿ ಎನ್‌ಟಿಎಫ್‌ಎಸ್ ಮಾಡ್ಬೇಡಿ, ಮ್ಯಾಕಲ್ಲಿ ಓದೋಕಾಗತ್ತೆ ಆದ್ರೆ ಏನೂ ಹಾಕೋಕಾಗಲ್ಲ, ಆಮೇಲೆ ಡ್ರೈವ್ ಕೆಟ್ಟೋಯ್ತು ಅಂತ ಗೋಳಾಡೋರನ್ನ ತುಂಬಾ ನೋಡಿದೀನಿ.

ಟಿವಿ ಸಮಸ್ಯೆ ಬೇರೆ. ಹಳೇ ಟಿವಿ, ಕಾರ್ ಸ್ಟೀರಿಯೋ ಎಲ್ಲಾ ಫ್ಯಾಟ್32 ಬಿಟ್ರೆ ಬೇರೆ ಭಾಷೆನೇ ಬರದವು. ಅವಕ್ಕೆ ಅಂತ ಒಂದು 32 ಜಿಬಿ ಚಿಕ್ಕ ಡ್ರೈವನ್ನ ಫ್ಯಾಟ್32 ಮಾಡಿ ಬೇರೆ ಇಟ್ಬಿಡಿ, ಸಿನಿಮಾನ 4 ಜಿಬಿ ಒಳಗೆ ಬರೋ ಹಾಗೆ ಕಂಪ್ರೆಸ್ ಮಾಡ್ಕೊಳ್ಳಿ. 32 ಜಿಬಿಗಿಂತ ದೊಡ್ಡ ಡ್ರೈವಿಗೆ ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಬಾಕ್ಸು ಬಹಳ ವರ್ಷದಿಂದ ಫ್ಯಾಟ್32 ಆಯ್ಕೆನೇ ಕೊಡ್ತಿರ್ಲಿಲ್ಲ, ರೂಫಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಲ್ಲಿ ಆಗತ್ತೆ. ಫಾರ್ಮ್ಯಾಟ್ ಮಾಡಿದ್ರೆ ಒಳಗಿರೋದೆಲ್ಲಾ ಹೋಗತ್ತೆ ಅಂತ ಹೇಳ್ಬೇಕಾಗಿಲ್ಲ ಅಂದ್ಕೋತೀನಿ, ಆದ್ರೂ ಹೇಳಿದೀನಿ.

ಪ್ರಶ್ನೆ: ಮೆಟಲ್ ಬಾಡಿ ಒಳ್ಳೇದಾ ಪ್ಲಾಸ್ಟಿಕ್ಕಾ? ಉಗುರಿನಷ್ಟು ಚಿಕ್ಕವು ಬರ್ತವಲ್ಲ, ಅವು ಹೇಗೆ? ಮತ್ತೆ ಕ್ಯಾಪ್ ಇರೋದು ತಗೊಂಡ್ರೆ ಕ್ಯಾಪೇ ಕಳ್ದೋಗತ್ತೆ.

ಉತ್ತರ: ಕ್ಯಾಪ್ ಕಳೆಯದವರು ಯಾರೂ ಇಲ್ಲ ಬಿಡಿ. ಸ್ಲೈಡ್ ಮಾಡೋದು ತಗೊಂಡ್ರೆ ಚುಚ್ಚೋವಾಗ್ಲೇ ಒಳಕ್ಕೆ ಜಾರ್ಕೊಂಡು ಹೋಗತ್ತೆ ಒಂದೊಂದು, ಲಾಕ್ ಗಟ್ಟಿಯಾಗಿ ಕೂರತ್ತಾ ಅಂತ ಅಂಗಡೀಲೇ ನಾಲ್ಕು ಸಲ ತಳ್ಳಿ ನೋಡಿ. ಕೀ ಗೊಂಚಲಿಗೆ ಹಾಕ್ಕೊಳ್ಳೋರಿಗೆ ಕ್ಯಾಪೇ ಇಲ್ಲದ ಒಂದೇ ಮೆಟಲ್ ತುಂಡಿನದು ಚೆನ್ನಾಗಿ ಬಾಳತ್ತೆ, ಚಲಿಸೋ ಭಾಗ ಇಲ್ಲ ಮುರಿಯೋಕೆ.

ಉಗುರಿನಷ್ಟು ಚಿಕ್ಕವು, ಸ್ಯಾನ್‌ಡಿಸ್ಕ್ ಅಲ್ಟ್ರಾ ಫಿಟ್, ಸ್ಯಾಮ್‌ಸಂಗ್ ಫಿಟ್ ಪ್ಲಸ್ ತರದವು, ಲ್ಯಾಪ್‌ಟಾಪಲ್ಲೋ ಕಾರಲ್ಲೋ ಸದಾ ಚುಚ್ಚಿಯೇ ಇರ್ಬೇಕು ಅನ್ನೋರಿಗೆ ಹೇಳಿ ಮಾಡಿಸಿದ್ದು, ಕೈ ತಾಗಿ ಮುರಿಯೋ ಭಯ ಇಲ್ಲ. ದಿನಾ ಹಾಕಿ ತೆಗೆಯೋರಿಗೆ ನಾನು ಬೇಡ ಅಂತೀನಿ. ಒಂದು, ಹಿಡಿಯೋಕೆ ಜಾಗನೇ ಇರಲ್ಲ, ಕಳ್ಕೊಳ್ಳೋದಂತೂ ಕಣ್ಣು ಮಿಟುಕಿಸೋದ್ರೊಳಗೆ. ಎರಡನೇದು ಬಿಸಿ: ಅಷ್ಟು ಚಿಕ್ಕ ಮೈಗೆ ಶಾಖ ಹೊರಗೆ ಹಾಕೋಕೆ ದಾರಿ ಇರಲ್ಲ, ದೊಡ್ಡ ಕಾಪಿ ಹಾಕಿ ತೆಗೆದ್ರೆ ಬೆರಳು ಚುರ್ ಅನ್ನತ್ತೆ, ಬಿಸಿ ಜಾಸ್ತಿ ಆದಾಗ ಸ್ಪೀಡೂ ತಾನಾಗೇ ಇಳಿಯತ್ತೆ. ಮೆಟಲ್ ಬಾಡಿ ಮುಟ್ಟಿದ್ರೆ ಸುಡ್ತಿದೆ ಅಂದ್ರೆ ಒಂದು ಲೆಕ್ಕಕ್ಕೆ ಒಳ್ಳೇದೇ, ಒಳಗಿನ ಬಿಸಿ ಹೊರಗೆ ಬರ್ತಿದೆ ಅಂತ ಅರ್ಥ. ಇನ್ನೊಂದು ಏನಪ್ಪಾ ಅಂದ್ರೆ, ಈ ಪುಟಾಣಿಗಳಲ್ಲಿ ಸಾಮಾನ್ಯವಾಗಿ ಕಂಟ್ರೋಲರು, ಮೆಮೊರಿ ಎಲ್ಲಾ ಒಂದೇ ತುಂಡಲ್ಲಿ ಅಚ್ಚು ಹಾಕಿರ್ತಾರೆ, ಕೆಟ್ರೆ ಚಿಪ್ ಬಿಚ್ಚಿ ಡೇಟಾ ತೆಗೆಯೋದು ರಿಕವರಿಯವರಿಗೂ ತಲೆನೋವು.

ಪ್ರಶ್ನೆ: ಫೋನಿಗೂ ಲ್ಯಾಪ್‌ಟಾಪಿಗೂ ಆಗೋ ಹಾಗೆ ಎರಡು ಬಾಯಿದು ಬರತ್ತಲ್ಲ, ಟೈಪ್-ಸಿ ಇರೋದು. ಟೈಪ್-ಸಿ ಅಂದ್ರೆ ಫಾಸ್ಟ್ ಅಂತಾರೆ, ಹೌದಾ?

ಉತ್ತರ: ಟೈಪ್-ಸಿ ಅನ್ನೋದು ಬಾಯಿಯ ಆಕಾರ ಅಷ್ಟೇ, ಸ್ಪೀಡ್ ಅಲ್ಲ. ಐಫೋನ್ 15ನ್ನೇ ತಗೊಳ್ಳಿ, 2023ರಲ್ಲಿ ಟೈಪ್-ಸಿ ಬಂತು ಅಂತ ದೊಡ್ಡ ಸುದ್ದಿ, ಆದ್ರೆ ಮಾಮೂಲಿ 15ರಲ್ಲಿ ಅದೇ 2.0 ಸ್ಪೀಡು, ಪ್ರೋದಲ್ಲಿ ಮಾತ್ರ 10 ಗಿಗಾಬಿಟ್. ಆಂಡ್ರಾಯ್ಡಲ್ಲೂ ಕಡಿಮೆ ಬೆಲೆಯ ಫೋನ್‌ಗಳ ಟೈಪ್-ಸಿ ಬಹುತೇಕ 2.0ನೇ. ಹಂಗಿದ್ರೂ ಎರಡು ಬಾಯಿದು ತಗೊಳ್ಳಿ ಅಂತಾನೇ ಹೇಳ್ತೀನಿ, ಈಗ ಹೊಸದಾಗಿ ಒಂದೇ ಒಂದು ಡ್ರೈವ್ ಕೊಳ್ಳೋರಿಗೆ ಇದಕ್ಕಿಂತ ಉಪಯೋಗದ್ದು ಇಲ್ಲ, ಫೋನಿನ ಮೆಮೊರಿ ತುಂಬಿದಾಗ ಕೇಬಲ್ಲೂ ಬೇಡ ನೆಟ್ಟೂ ಬೇಡ. ಫೋನ್ ಒಟಿಜಿ, ಅಂದ್ರೆ ಪೆನ್‌ಡ್ರೈವ್ ನೇರವಾಗಿ ಚುಚ್ಚೋ ಸೌಲಭ್ಯ, ಸಪೋರ್ಟ್ ಮಾಡತ್ತಾ ನೋಡ್ಕೊಳ್ಳಿ, ಕೆಲವು ಫೋನಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಆನ್ ಮಾಡ್ಬೇಕು. ಮತ್ತೆ ದಪ್ಪ ಬ್ಯಾಕ್‌ಕವರ್ ಇದ್ರೆ ಪೂರ್ತಿ ಒಳಗೆ ಹೋಗಲ್ಲ, ಬಿಟ್ಟು ಬಿಟ್ಟು ಕನೆಕ್ಟ್ ಆಗತ್ತೆ, ಡ್ರೈವಿಗೆ ಬಯ್ಯೋಕೆ ಮೊದ್ಲು ಕವರ್ ತೆಗೆದು ನೋಡಿ.

ಪ್ರಶ್ನೆ: ಆನ್‌ಲೈನಲ್ಲಿ 2 ಟಿಬಿ ಪೆನ್‌ಡ್ರೈವ್ 64 ಜಿಬಿ ರೇಟಿಗೆ ಸಿಗ್ತಿದೆ. ತರಿಸಿದ ನನ್ನ ಫ್ರೆಂಡ್ ಹತ್ರ ನಿಜವಾಗ್ಲೂ 2 ಟಿಬಿ ಅಂತಾನೇ ತೋರಿಸ್ತಿದೆ. ತಗೋಬಹುದಾ?

ಉತ್ತರ: ಬೇಡ. ನಿಮ್ಮ ಫ್ರೆಂಡಿಗೆ ಟೋಪಿ ಬಿದ್ದಿದೆ, ಇನ್ನೂ ಗೊತ್ತಾಗಿಲ್ಲ ಅಷ್ಟೇ.

ಕಂಪ್ಯೂಟರ್ ಡ್ರೈವನ್ನ ಅಳೆದು ನೋಡಲ್ಲ, ನೀನೆಷ್ಟು ಅಂತ ಕೇಳತ್ತೆ, ಡ್ರೈವಿನ ಕಂಟ್ರೋಲರ್ ಹೇಳಿದ್ದನ್ನ ನಂಬತ್ತೆ. ಅದಕ್ಕೆ ಸುಳ್ಳು ಹೇಳೋಕೆ ಕಲಿಸಿರ್ತಾರೆ. ಒಳಗೆ 16ಓ 32ಓ ಜಿಬಿ ಚಿಪ್ ಇರತ್ತೆ. ಅಷ್ಟು ತುಂಬೋವರೆಗೂ ಎಲ್ಲಾ ಸರಿ, ಆಮೇಲೆ ಬರೆದಿದ್ದು ಗಾಳಿಗೆ ಹೋಗತ್ತೆ ಇಲ್ಲಾ ಹಳೇದರ ಮೇಲೇ ಬಂದು ಕೂರತ್ತೆ. ಫೈಲಿನ ಹೆಸರು, ಸೈಜು ಎಲ್ಲಾ ಚೆನ್ನಾಗಿ ಕಾಣತ್ತೆ ಯಾಕಂದ್ರೆ ಆ ಪಟ್ಟಿ ಡ್ರೈವಿನ ಶುರುವಿನಲ್ಲೇ ಇರತ್ತೆ, ಓಪನ್ ಮಾಡಿದಾಗ್ಲೇ ಗೊತ್ತಾಗೋದು ಒಳಗೆ ಏನೂ ಇಲ್ಲ ಅಂತ. ಅಷ್ಟೊತ್ತಿಗೆ ವಾಪಸ್ ಕೊಡೋ ಗಡುವು ಮುಗಿದಿರತ್ತೆ, ಅದೇ ಅವರಿಗೆ ಬೇಕಾಗಿರೋದು.

ಪರೀಕ್ಷೆ ಮಾಡೋಕೆ ವಿಂಡೋಸಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತೆ ಮ್ಯಾಕಲ್ಲಿ ಎಫ್3 ಇದೆ, ಎರಡೂ ಫ್ರೀ. ಇಡೀ ಡ್ರೈವ್ ತುಂಬೋವರೆಗೂ ಬರೆದು, ಬರೆದಿದ್ದನ್ನ ವಾಪಸ್ ಓದಿ ಹೋಲಿಸಿ ನೋಡತ್ತೆ. ಟೈಮ್ ಹಿಡಿಯತ್ತೆ, ರಾತ್ರಿ ಹಾಕಿ ಮಲ್ಕೊಳ್ಳಿ. ನಾನು ಕೇಳಿದ್ರೆ ಹೊಸ ಡ್ರೈವ್ ಯಾವ ಬ್ರ್ಯಾಂಡಿಂದೇ ಆಗ್ಲಿ ಮೊದಲ ದಿನ ಈ ಟೆಸ್ಟ್ ಮಾಡೇ ಮಾಡಿ ಅಂತೀನಿ, ಬ್ರ್ಯಾಂಡ್ ಹೆಸರಲ್ಲೂ ನಕಲಿ ಬರ್ತವೆ, ಜೊತೆಗೆ ಕೊನೇಲಿ ಸರಾಸರಿ ರೈಟ್ ಸ್ಪೀಡನ್ನೂ ಇದು ತೋರಿಸತ್ತೆ, ಮೊದಲ ಪ್ರಶ್ನೆಲಿ ಹೇಳಿದ ಆ ಪ್ಯಾಕೆಟ್ ಮೇಲಿಲ್ಲದ ನಂಬರ್ ಇದೇ. ಅಸಲಿ 2 ಟಿಬಿ ಪೆನ್‌ಡ್ರೈವ್ ಇಲ್ವೇ ಇಲ್ಲ ಅಂತಲ್ಲ, 2017ರಲ್ಲೇ ಕಿಂಗ್‌ಸ್ಟನ್ ಒಂದನ್ನ ತಂದಿತ್ತು, ಆದ್ರೆ 64 ಜಿಬಿ ರೇಟಿಗೆ ಯಾರೂ ಕೊಡಲ್ಲ.

ಪ್ರಶ್ನೆ: ಮಕ್ಕಳ ಚಿಕ್ಕಂದಿನ ಫೋಟೋ, ವಿಡಿಯೋ ಎಲ್ಲಾ ಒಂದು ಒಳ್ಳೇ ಕಂಪನಿ ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿ ಇಟ್ಟಿದೀನಿ. ಬಳಸೋದೇ ಇಲ್ಲ, ಹಾಗಾಗಿ ಕೆಡಲ್ಲ ಅಲ್ವಾ?

ಉತ್ತರ: ಅಮ್ಮಾ, ಬಳಸದೇ ಇಟ್ರೂ ಕೆಡತ್ತೆ. ಫ್ಲ್ಯಾಶ್ ಚಿಪ್ಪಲ್ಲಿ ನಿಮ್ಮ ಫೋಟೋ ಅಂದ್ರೆ ಸೆಲ್ ಒಳಗೆ ಸಿಕ್ಕಿಹಾಕ್ಕೊಂಡಿರೋ ಒಂದಿಷ್ಟು ವಿದ್ಯುತ್ ಚಾರ್ಜು, ಅದು ನಿಧಾನಕ್ಕೆ ಸೋರ್ತಾ ಇರತ್ತೆ, ಜಾಗ ಬಿಸಿಯಾಗಿದ್ರೆ ಇನ್ನೂ ಬೇಗ, ತುಂಬಾ ಸಲ ಬರೆದು ಅಳಿಸಿದ ಡ್ರೈವಾದ್ರೆ ಮತ್ತೂ ಬೇಗ. ಒಂದು ಸೆಲ್ಲಲ್ಲಿ ಮೂರು ನಾಲ್ಕು ಬಿಟ್ ತುರುಕಿರೋದ್ರಿಂದ ಸ್ವಲ್ಪ ಸೋರಿದ್ರೂ ಓದೋದು ತಪ್ಪತ್ತೆ. ಒಂದು ದಿನ ಚುಚ್ಚಿದ್ರೆ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳತ್ತೆ, ಅಲ್ಲಿಗೆ ಮುಗೀತು.

ಇವತ್ತೇ ಆ ಡ್ರೈವ್ ತೆಗೆದು ಪೂರ್ತಿ ಕಂಪ್ಯೂಟರಿಗೆ ಕಾಪಿ ಮಾಡ್ಕೊಳ್ಳಿ, ನಾಲ್ಕೈದು ವಿಡಿಯೋ ಕೊನೇವರೆಗೂ ಓಡಿಸಿ ನೋಡಿ. ಆಮೇಲೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಲ್ಲಿ ಒಂದು ಪ್ರತಿ, ಕ್ಲೌಡಲ್ಲೋ ನೆಂಟರ ಮನೆಯ ಇನ್ನೊಂದು ಡಿಸ್ಕಲ್ಲೋ ಇನ್ನೊಂದು ಪ್ರತಿ. ಪೆನ್‌ಡ್ರೈವ್ ಮೂರನೇದಾಗಿ ಇರ್ಲಿ ಬೇಕಾದ್ರೆ. ಅದಿರೋದು ಇಲ್ಲಿಂದ ಅಲ್ಲಿಗೆ ಸಾಗಿಸೋಕೆ.

ಪ್ರಶ್ನೆ: ಇಜೆಕ್ಟ್ ಮಾಡದೇ ಕಿತ್ರೆ ಏನೂ ಆಗಲ್ಲ ಅಂತ ನನ್ನ ಮಗ ವಾದ ಮಾಡ್ತಾನೆ.

ಉತ್ತರ: ಅರ್ಧ ಸರಿ. 2018ರ ವಿಂಡೋಸ್ 10 ಆವೃತ್ತಿ 1809ರಿಂದ ಬರೆಯೋದನ್ನ ತಡ ಮಾಡದೇ ಬರೆಯೋ ಕ್ವಿಕ್ ರಿಮೂವಲ್ ತಾನಾಗೇ ಆನ್ ಇರತ್ತೆ, ಹಾಗಾಗಿ ಸುಮ್ನೆ ಕೂತಿರೋ ಡ್ರೈವ್ ಕಿತ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ಆದ್ರೆ ಹಿಂದೆ ಯಾವುದೋ ಪ್ರೋಗ್ರಾಂ ಇನ್ನೂ ಬರೀತಿದ್ರೆ ನಿಮಗೆ ಕಾಣಲ್ಲ. ಲಿನಕ್ಸಲ್ಲಂತೂ ಕಾಪಿ ಮುಗೀತು ಅಂತ ತೋರಿಸಿದ್ಮೇಲೂ ರ‍್ಯಾಮಿಂದ ಡ್ರೈವಿಗೆ ಹೋಗ್ತಾನೇ ಇರತ್ತೆ, ಅಲ್ಲಿ ಕಿತ್ರೆ ಫೈಲ್ ಹೋಯ್ತು ಅಂತಾನೇ. ಮಗನಿಗೆ ಹೇಳಿ, ಎರಡು ಕ್ಲಿಕ್ಕಿಗೆ ಇಷ್ಟೊಂದು ವಾದ ಬೇಡ.

ಪ್ರಶ್ನೆ: ಪ್ರಿಂಟ್ ತೆಗ್ಸೋಕೆ ಹೋಗಿ ಬಂದ್ಮೇಲೆ ಡ್ರೈವಲ್ಲಿ ಫೋಲ್ಡರ್‌ಗಳೆಲ್ಲಾ ಮಾಯ, ಅದೇ ಹೆಸರಿನ ಶಾರ್ಟ್‌ಕಟ್ ಮಾತ್ರ ಇವೆ. ಮತ್ತೆ ದಾರೀಲಿ ಸಿಕ್ಕ ಪೆನ್‌ಡ್ರೈವ್ ಒಂದಿದೆ, ಫಾರ್ಮ್ಯಾಟ್ ಮಾಡಿ ಬಳಸ್ಬಹುದಾ?

ಉತ್ತರ: ಆ ಶಾರ್ಟ್‌ಕಟ್ ಒಂದನ್ನೂ ಒತ್ತಬೇಡಿ, ಅದೇ ವೈರಸ್ಸಿನ ಬಾಗಿಲು. ನಿಮ್ಮ ಫೈಲ್ ಸಾಮಾನ್ಯವಾಗಿ ಅಲ್ಲೇ ಇರತ್ತೆ, ಹಿಡನ್ ಮಾಡಿಟ್ಟಿರತ್ತೆ ಅಷ್ಟೇ. ಮೊದ್ಲು ಆಂಟಿವೈರಸ್ಸಲ್ಲಿ ಪೂರ್ತಿ ಸ್ಕ್ಯಾನ್ ಮಾಡಿ, ಆಮೇಲೆ ವ್ಯೂ ಮೆನುವಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ, ಅಲ್ಲೂ ಕಾಣದಿದ್ರೆ ಆಪ್ಷನ್ಸಿಗೆ ಹೋಗಿ ಪ್ರೊಟೆಕ್ಟೆಡ್ ಸಿಸ್ಟಮ್ ಫೈಲ್‌ಗಳನ್ನೂ ತೋರಿಸು ಅಂತ ಮಾಡಿ, ಬೇಕಾದ್ದನ್ನ ಮಾತ್ರ ಆಚೆ ತೆಗ್ದು ಡ್ರೈವ್ ಫಾರ್ಮ್ಯಾಟ್ ಮಾಡಿ. ಇನ್ನು ಮೇಲೆ ಪ್ರಿಂಟಿಗೆ ಅಂತ ಒಂದು ಹಳೇ 8 ಜಿಬಿ ಇಟ್ಕೊಳ್ಳಿ, ಅದರಲ್ಲಿ ಆ ಒಂದು ಪಿಡಿಎಫ್ ಬಿಟ್ರೆ ಏನೂ ಇರ್ಬಾರ್ದು.

ದಾರೀಲಿ ಸಿಕ್ಕಿದ್ದನ್ನ ಚುಚ್ಚಲೇಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಲ್ಲಿ ಸಂಶೋಧಕರು ಬೇಕಂತಲೇ 297 ಡ್ರೈವ್ ಅಲ್ಲಲ್ಲಿ ಬೀಳಿಸಿ ನೋಡಿದ್ರು, 2016ರಲ್ಲಿ ಅದರ ವರದಿ ಬಂತು, ಮೊದಲನೇದನ್ನ ಯಾರೋ ಆರೇ ನಿಮಿಷದೊಳಗೆ ಚುಚ್ಚಿಯಾಗಿತ್ತು. ಫಾರ್ಮ್ಯಾಟ್ ಮಾಡ್ತೀನಲ್ಲ ಅಂದ್ರೆ, ಫಾರ್ಮ್ಯಾಟ್ ಅಳಿಸೋದು ಮೆಮೊರಿ ಮಾತ್ರ, ಕಂಟ್ರೋಲರಿನ ಫರ್ಮ್‌ವೇರನ್ನ, ಅಂದ್ರೆ ಅದನ್ನ ನಡೆಸೋ ಒಳಗಿನ ಪ್ರೋಗ್ರಾಮನ್ನ, ಮುಟ್ಟಲ್ಲ. ಅದನ್ನ ತಿದ್ದಿ ಪೆನ್‌ಡ್ರೈವೇ ಕೀಬೋರ್ಡ್ ತರ ನಟಿಸಿ ತಾನೇ ಕಮಾಂಡ್ ಟೈಪ್ ಮಾಡೋ ಹಾಗೆ ಮಾಡ್ಬಹುದು ಅಂತ 2014ರಲ್ಲೇ ತೋರಿಸಿದಾರೆ.

ಪ್ರಶ್ನೆ: ಆಫೀಸ್ ಫೈಲ್ ಇರೋ ಡ್ರೈವ್ ಕಳೆದ್ರೆ ಅಂತ ಭಯ. ಪಾಸ್‌ವರ್ಡ್ ಹಾಕೋಕಾಗತ್ತಾ?

ಉತ್ತರ: ಆಗತ್ತೆ. ವಿಂಡೋಸ್ ಪ್ರೋ ಇದ್ರೆ ಬಿಟ್‌ಲಾಕರ್ ಟು ಗೋ ಇದೆ, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಸಿಗತ್ತೆ. ಹೋಮ್ ಆವೃತ್ತೀಲಿ ಹೀಗೆ ಲಾಕ್ ಮಾಡೋಕಾಗಲ್ಲ, ಲಾಕ್ ಆಗಿರೋದನ್ನ ಪಾಸ್‌ವರ್ಡ್ ಕೊಟ್ಟು ತೆಗೀಬಹುದು. ಮ್ಯಾಕ್, ಲಿನಕ್ಸ್ ಎಲ್ಲಾ ಕಡೆ ಬೇಕು ಅಂದ್ರೆ ವೆರಾಕ್ರಿಪ್ಟ್, ಫ್ರೀ. ಡಿಲೀಟ್ ಮಾಡಿದೀನಿ, ಕ್ವಿಕ್ ಫಾರ್ಮ್ಯಾಟ್ ಮಾಡಿದೀನಿ ಅಂತ ಸಮಾಧಾನ ಪಡ್ಬೇಡಿ, ರೆಕುವಾ, ಫೋಟೋರೆಕ್ ತರದ ಸಾಫ್ಟ್‌ವೇರಲ್ಲಿ ಯಾರು ಬೇಕಾದ್ರೂ ಬಹಳಷ್ಟನ್ನ ವಾಪಸ್ ತೆಗೀತಾರೆ. ಬಿಟ್‌ಲಾಕರ್ ಸೆಟ್ ಮಾಡೋವಾಗ ಕೊಡೋ 48 ಅಂಕಿಯ ರಿಕವರಿ ಕೀಯನ್ನ ಬೇರೆ ಕಡೆ ಬರೆದಿಡಿ, ಅದೇ ಪೆನ್‌ಡ್ರೈವಲ್ಲಿ ಅಲ್ಲ. ಪಾಸ್‌ವರ್ಡೂ ಮರೆತು ಕೀನೂ ಕಳ್ಕೊಂಡು ನಮಗೆ ಬರೆದ್ರೆ ನಾವೂ ಏನೂ ಮಾಡೋಕಾಗಲ್ಲ.